ಕಿವುಡ ಪತ್ತೇದಾರ ಮತ್ತು ಅಟ್ಟದ ಕಾಯಿ

ಶಂಭುಲಿಂಗಯ್ಯ ಮೇಷ್ಟ್ರು ನಿವೃತ್ತರಾದ ಮೇಲೆ ಪತ್ತೇದಾರಿ ಕಾದಂಬರಿ ಬರೆಯುವ ಚಟ ಅಂಟಿಸಿಕೊಂಡಿದ್ದರು. ಹೊಸ ಕಾದಂಬರಿಯ ನಾಯಕ ಕಿವುಡ. ಪೊದೆ ಮೀಸೆಯ ಖಳರು ಬೀದಿಯಾಚೆ, ಕತ್ತಲಲ್ಲಿ, ಬೆನ್ನು ತಿರುಗಿಸಿ ಪಿಸುಗುಟ್ಟಿದರೂ ತುಟಿ ಓದಿಬಿಡುವ ಶೂರ. ಕೊನೆಯ ಅಧ್ಯಾಯದಲ್ಲಿ ಆಪರೇಷನ್ ಆಗಿ ಅವನಿಗೆ ಕಿವಿ ಬರುತ್ತದೆ. ಬಾರದಿದ್ದರೆ ಓದುಗರು ನಿದ್ದೆ ಮಾಡುವುದು ಹೇಗೆ?

ಮೇಷ್ಟ್ರ ಹಳೆಯ ಶಿಷ್ಯೆ ಪವಿತ್ರಾ ಅದರ ಹಸ್ತಪ್ರತಿಯನ್ನು ಒಂದೇ ದಿನದಲ್ಲಿ ಓದಿ ಮುಗಿಸಿ ಹಣೆ ಚಚ್ಚಿಕೊಂಡಳು. ಏಳನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಇಪ್ಪತ್ತು ವರ್ಷದಿಂದ ಜನರ ತುಟಿ ನೋಡುತ್ತಿದ್ದಾಳೆ. ಎದುರಿಗೆ ನಿಂತು ನಿಧಾನವಾಗಿ ಆಡಿದರೂ ಹತ್ತರಲ್ಲಿ ನಾಲ್ಕು ಮಾತು ಸಿಕ್ಕಿದರೆ ಪುಣ್ಯ. ಎಲೆಯಡಿಕೆ ಜಗಿಯುವವರದ್ದು ಅದೂ ಇಲ್ಲ.

ಅವಳ ಕೆಲಸ ಮಾಯಸಂದ್ರದ ಕಡೆ, ತೋಂಟದಾರ್ಯರ ಕೊಬ್ಬರಿ ಅಟ್ಟದಲ್ಲಿ. ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕುಲುಕಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬೇಕು. ಬೇರೆಯವರು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಇವಳಿಗೆ ಅಂಗೈ ಸಾಕು. ಒಣಗಿದ ಕೊಬ್ಬರಿ ಉಂಡೆ ಉರುಳಿ ಚಿಪ್ಪಿಗೆ ಬಡಿದದ್ದು ಮೊಣಕೈವರೆಗೂ ತಿಳಿಯುತ್ತಿತ್ತು. ಆರು ವರ್ಷದಲ್ಲಿ ಅವಳು ಆರಿಸಿದ ಕಾಯಿ ಒಂದೂ ಹುಸಿ ಹೋಗಿರಲಿಲ್ಲ.

ಹೋದ ತಿಂಗಳು ಮಾತ್ರ, ಅವಳು ಆರಿಸಿಕೊಟ್ಟ ರಾಶಿಯನ್ನು ಸುಲಿದು ಒಡೆದರೆ ಅರ್ಧಕ್ಕರ್ಧ ನೀರು ತುಂಬಿದ ಹಸಿ ಕಾಯಿ!

“ಕಿವಿ ಕೇಳದೋಳ ಕೈಗೆ ಕೊಟ್ಟಿದ್ದು ನಮ್ದೇ ತಪ್ಪು ಕಣ್ರಪ್ಪ,” ಎಂದರು ತೋಂಟದಾರ್ಯರು. ಆರು ವರ್ಷ ಅವಳು ಕಿವುಡಿ ಎನ್ನುವುದು ಅವರಿಗೆ ನೆನಪೇ ಇರಲಿಲ್ಲ. ನಷ್ಟವಾದ ಕೂಡಲೇ ನೆನಪಾಯಿತು. ಪವಿತ್ರಾಳ ಕೆಲಸ ಹೋಯಿತು. ಸುದ್ದಿ ಹಬ್ಬಿ, ಸುತ್ತಲಿನ ಅಟ್ಟದವರೂ ಅವಳನ್ನು ಕಂಡರೆ ಕೆಲಸವಿಲ್ಲವೆಂದು ಕೈಯಾಡಿಸತೊಡಗಿದರು. ಕೆಲಸ ಹೋದದ್ದಕ್ಕಿಂತ, ತನ್ನ ಕೈಗೆ ಕೆಟ್ಟ ಹೆಸರು ಬಂತಲ್ಲ ಎಂಬುದೇ ಅವಳಿಗೆ ದೊಡ್ಡ ನೋವಾಯಿತು.

ಕೆಲಸ ಹೋದ ದಿನ, ಹೊರಡುವ ಮುಂಚೆ, ಕಣದಲ್ಲಿ ಇನ್ನೂ ಸುಲಿಯದೆ ಬಿದ್ದಿದ್ದ ಕಾಯಿಗಳನ್ನು ಅವಳು ತಿರುವಿ ನೋಡಿದ್ದಳು. ಅಟ್ಟದ ಕಾಯಿಯ ಮೇಲೆ ವರ್ಷದ ಧೂಳು, ಜೇಡರ ಬಲೆ ಇರಬೇಕು. ಇವುಗಳಲ್ಲಿ ಅರ್ಧ ಈಗಷ್ಟೇ ಮಿಂದು ಬಂದ ಮದುಮಗನ ಹಾಗಿದ್ದವು. ತೋಂಟದಾರ್ಯರ ತೋಟದ ಕಾಯಿ ಗುಂಡಗೆ, ಇವು ಮೂರು ಏಣಿನ, ಮೂತಿ ಚೂಪಾದವು. ಅಂಥವು ಬಿಡುವುದು ಅವರ ತಮ್ಮ ಬಸವಕುಮಾರನ ತೋಟದಲ್ಲಿ. ರಾಶಿಯನ್ನು ಸುಲಿಯುವ ಕಣಕ್ಕೆ ಸಾಗಿಸುವ ಟ್ರ್ಯಾಕ್ಟರೂ ಅವನದೇ. ದಾರಿಯಲ್ಲಿ ಒಳ್ಳೆಯ ಕಾಯಿ ಇಳಿದು, ಅವನ ಹಸಿ ಕಾಯಿ ಹತ್ತಿತ್ತು.

ಇದನ್ನೆಲ್ಲ ಬರೆದು ಕೊಟ್ಟಳು. ತೋಂಟದಾರ್ಯರು ಓದದೆ ಜೇಬಿಗಿಳಿಸಿ, “ಪಾಪ,” ಎಂದರು. ಆ ಎರಡಕ್ಷರವನ್ನು ಮಾತ್ರ ಅವಳು ಯಾರ ತುಟಿಯ ಮೇಲಿದ್ದರೂ ಓದಬಲ್ಲಳು.

ಹದಿನೈದು ದಿನದ ಮೇಲೆ ತಿಪಟೂರಿನಲ್ಲಿ ಯಾವುದೋ ಸಂಘದವರು ಶ್ರವಣದೋಷ ಜಾಗೃತಿ ಸಮಾರಂಭ ಇಟ್ಟುಕೊಂಡರು. ಜೊತೆಗೆ ಮೇಷ್ಟ್ರ ಕಾದಂಬರಿಯ ಬಿಡುಗಡೆ. ತೋಂಟದಾರ್ಯರು ಮುಖ್ಯ ಅತಿಥಿ, ಬಸವಕುಮಾರ ಕಿವಿಯಂತ್ರಗಳ ದಾನಿ. ಪವಿತ್ರಾಳೂ ಸೇರಿ ಹನ್ನೊಂದು ಮಂದಿ ಕಿವುಡರನ್ನು ಆಳೆತ್ತರದ ಸ್ಪೀಕರಿನ ಮುಂದೆಯೇ ಕೂರಿಸಿದ್ದರು. ಪ್ರಾರ್ಥನೆಗೆ ತಡವಾಗಿ ಎದ್ದರೆಂದು ಅವರನ್ನು ದುರುಗುಟ್ಟಿ ನೋಡಿದ್ದೂ ಆಯಿತು. ಆಮೇಲೆ ಎರಡೂವರೆ ಗಂಟೆ ಭಾಷಣ. ಕೈಸನ್ನೆಯಲ್ಲಿ ಹೇಳುವವರಿಲ್ಲ, ಬರೆದು ತೋರಿಸುವವರಿಲ್ಲ. ಕಿವುಡರ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ. ಬಾರಿಸಿದವರಿಗೆ ಮಾತ್ರ ಒಬ್ಬೊಬ್ಬರಿಗೂ ಶಾಲು.

ಕೊನೆಗೆ ಪವಿತ್ರಾಳನ್ನು ಕರೆದರು. ತಪ್ಪು ಮಾಡಿದ ಕೆಲಸದವಳನ್ನು ಕ್ಷಮಿಸಿ, ಅಣ್ಣತಮ್ಮಂದಿರು ಅವಳಿಗೆ ಯಂತ್ರ ಕೊಡುವ ಕಾರ್ಯಕ್ರಮ. ಎರಡು ಮಾತಾಡೆಂದು ಶಾಸ್ತ್ರಕ್ಕೆ ಮೈಕನ್ನೂ ಕೊಟ್ಟರು. ಅವಳು ಅಂದು ಎತ್ತಿಟ್ಟುಕೊಂಡಿದ್ದ ಎರಡು ಕಾಯಿಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು: ಒಂದು ಧೂಳು ಹಿಡಿದ ಗುಂಡನೆಯದು, ಇನ್ನೊಂದು ಚೂಪು ಮೂತಿಯದು.

“ಇದು ಅಟ್ಟದ್ದು,” ಎಂದಳು. ಏರುಪೇರಾದ ಅವಳ ದನಿಗೆ ಯಾರೋ ನಕ್ಕರು. “ಇದು ಅಟ್ಟದ್ದಲ್ಲ. ರಾಶಿ ಅದಲುಬದಲಾಗೈತೆ. ನನ್ ಕೈ ತಪ್ಪಿಲ್ಲ.”

“ಅದು ನಮ್ ತೋಟದ್ದಲ್ಲ ಕಣಣ್ಣ!” ಎಂದು ಬಸವಕುಮಾರ ಕುರ್ಚಿಯಿಂದ ಎದ್ದೇಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಹೆಸರನ್ನು ಅವಳು ಇನ್ನೂ ಎತ್ತಿರಲೇ ಇಲ್ಲ.

ತೋಂಟದಾರ್ಯರು ನಲವತ್ತು ವರ್ಷ ಕಾಯಿಯಲ್ಲೇ ಕೈಯಾಡಿಸಿದವರು. ಚೂಪು ಮೂತಿಯದನ್ನು ಎತ್ತಿ, ಒಮ್ಮೆ ತಿರುಗಿಸಿ, ತಮ್ಮನ ಮುಖ ನೋಡಿದರು. ಮೇಷ್ಟ್ರು ಗಾಬರಿಯಿಂದ ತಮ್ಮ ಪುಸ್ತಕದ ಕೊನೆಯ ಪುಟ ತಿರುವಿದರು. ಅಲ್ಲಿ ಹೀಗಿರಲಿಲ್ಲ.

ತೋಂಟದಾರ್ಯರು ಪವಿತ್ರಾಳ ಕಡೆ ಬಗ್ಗಿ, ಮೈಕಿಗೆ ಕೈ ಅಡ್ಡ ಹಿಡಿದು ಹೇಳಿದರು: “ತಪ್ಪಾಯ್ತು ಕಣಮ್ಮ. ಸೋಮವಾರ ಕೆಲಸಕ್ಕೆ ಬಾ. ಇದನ್ನ ಇಲ್ಲಿಗೆ ಬುಡು.”

ಅಷ್ಟು ಹತ್ತಿರದಲ್ಲಿ, ಅಷ್ಟು ನಿಧಾನವಾಗಿ ಅವಳ ಜೊತೆ ಅವರು ಎಂದೂ ಮಾತಾಡಿರಲಿಲ್ಲ. ಒಂದೊಂದು ಅಕ್ಷರವೂ ಅವಳಿಗೆ ಸಿಕ್ಕಿತು. ಸಿಕ್ಕಿದ್ದಕ್ಕೇ ಸಿಟ್ಟು ಬಂತು. ಕೆಟ್ಟ ಹೆಸರನ್ನು ಊರಿಗೆಲ್ಲ ಸಾರಿದವರು ತಪ್ಪೊಪ್ಪಿಗೆಯನ್ನು ಮಾತ್ರ ಗುಟ್ಟಾಗಿ ಕೊಡುತ್ತಿದ್ದರು. ಅವಳು ಅವರ ಕೈ ಸರಿಸಿ, ಮೈಕನ್ನು ಅವರ ಬಾಯಿಗೆ ಹಿಡಿದಳು.

“ನಂಗೆ ಕೇಳ್ಸಕಿಲ್ಲ ಯಜಮಾನ್ರೇ. ಇದರಲ್ಲಿ ಹೇಳಿ.”

ಅಷ್ಟು ಹೇಳಿ ಅವರ ತುಟಿಯ ಕಡೆ ನೋಡದೆ ಸಭೆಯತ್ತ ತಿರುಗಿ ನಿಂತಳು. ಆಮೇಲೆ ಮುಂದಿನ ಸಾಲಿನವರ ಬಾಯಿ ತೆರೆಯಿತು, ಹಿಂದಿನ ಸಾಲಿನವರು ಎದ್ದು ನಿಂತರು. ತೋಂಟದಾರ್ಯರು ಮೈಕಿನಲ್ಲೇ ಹೇಳಿದರು ಎಂದು ಅವಳಿಗೆ ಗೊತ್ತಾಯಿತು.