ಮರಳುದಿಬ್ಬದ ದುಂಬಿಗೊಂದು ಹೆಸರು

ಅಂಜೀಕು ಹಳ್ಳಿಯ ಮರಳುದಿಬ್ಬ ಉಳಿಯುವುದೋ ಇಲ್ಲವೋ ಎಂಬುದು ನಾನು ಬರೆಯಬೇಕಿದ್ದ ಒಂದು ಹೆಸರಿನ ಮೇಲೆ ನಿಂತಿತ್ತು. ನಾನು ತಪ್ಪು ಹೆಸರು ಬರೆದೆ. ಗೊತ್ತಿಲ್ಲದೆ ಬರೆದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಅದು ನನ್ನ ತಾಯಿಯ ತವರು. ಇರುವ ಮೂವತ್ತು ಮನೆಗಳೂ ಅಸೆರೋಲಾ ಎಂಬ ಹುಳಿಯಾದ ಕೆಂಪು ಹಣ್ಣು ಮಾರಿಯೇ ಬದುಕುತ್ತವೆ. ಆ ಮರದ ಹೂವಿನಲ್ಲಿ ಮಕರಂದದ ಒಂದು ಹನಿಯೂ ಇಲ್ಲ, ಇರುವುದು ಎಣ್ಣೆ. ಹಾಗಾಗಿ ಜೇನುನೊಣಗಳು ಅತ್ತ ತಲೆ ಹಾಕುವುದಿಲ್ಲ. ಬರುವುದು ಒಂಟಿದುಂಬಿ; ಅದು ಬಂದರೇ ಹೂ ಕಾಯಿಯಾಗುವುದು. ಅದಕ್ಕೆ ಹಿಂಡಿಲ್ಲ, ರಾಣಿಯಿಲ್ಲ, ಜೇನೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ತಾನು ಮರಳಿನಲ್ಲಿ ಬಿಲ ತೋಡಿ, ಮುಂಗಾಲಿನಲ್ಲಿರುವ ಬಾಚಣಿಗೆಯಂಥ ಹಲ್ಲುಗಳಿಂದ ಹೂವಿನ ಎಣ್ಣೆ ಕೆರೆದು ತಂದು, ಪರಾಗದ ಜೊತೆ ಕಲಸಿಟ್ಟು, ಮೊಟ್ಟೆಯಿಟ್ಟು, ಬಿಲದ ಬಾಯಿ ಮುಚ್ಚಿ, ಮಕ್ಕಳ ಮುಖ ನೋಡದೆ ಸಾಯುತ್ತದೆ. ಮಕ್ಕಳು ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಮರಳಿನಿಂದ ಎದ್ದು ಬರುತ್ತವೆ. ಒಣಹೊಳೆಯ ದಂಡೆಯ ಆ ದಿಬ್ಬದಲ್ಲಿ ಅಂಥ ಬಿಲಗಳು ಸಾವಿರಾರು ಇದ್ದವು.

ಮರಳು ತೆಗೆಯುವವರ ಕಣ್ಣು ಅದರ ಮೇಲೆ ಬಿತ್ತು. ಪರವಾನಗಿ ಕೊಡುವ ಕಚೇರಿ, ದುಂಬಿಗಳ ಜಾತಿ ಗುರುತಿಸುವ ನಮ್ಮ ಪ್ರಯೋಗಾಲಯಕ್ಕೆ ಒಂದೇ ಪ್ರಶ್ನೆ ಕಳಿಸಿತು: ಈ ದುಂಬಿ ಇಲ್ಲಿ ಮಾತ್ರ ಇದೆಯೋ, ಬೇರೆಡೆಯೂ ಇದೆಯೋ? ಇಲ್ಲಿ ಮಾತ್ರ ಇದ್ದರೆ ಪರವಾನಗಿಯಿಲ್ಲ. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ದುಂಬಿ ಹಿಡಿಯಲು ಹೋದ ದಿನ ಚಿಕ್ಕಮ್ಮ ಜೆನಾಯ್ಡಿ ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಕುಸ್ಕುಸ್ ಬಡಿಸಿ ಎದುರಿಗೆ ಕೂತಳು.

"ಬಲೆ ಹಿಡ್ಕೊಂಡು ಊರೆಲ್ಲಾ ಸುತ್ತುತೀಯಲ್ಲೇ ಲಿಂದಾ, ಮೂವತ್ತೆಂಟಾಯ್ತು, ಇನ್ನೂ ಒಬ್ಬ ಗಂಡಸು ಬಿದ್ದಿಲ್ಲ ನೋಡು."

"ದುಂಬಿ ಆದ್ರೆ ಹೇಳಿದ್ ಕಡೆ ಕೂತಿರುತ್ತೆ ಚಿಕ್ಕಮ್ಮ."

ಅವಳು ನಕ್ಕಳು. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದಳು. "ಗುಡ್ಡದಾಚೆ ಇರೋದು ಬೇರೆ, ನಮ್ಮದು ಬೇರೆ. ನಮ್ಮದು ಹೂ ಬಿರಿಯೋ ಹೊತ್ತಿಗೇ ಬಂದು ಕಾಯ್ತಿರುತ್ತೆ. ಅದು ಬರೋದು ಬಿಸಿಲೇರಿದ ಮೇಲೆ, ಅಷ್ಟೊತ್ತಿಗೆ ಹೂ ಕೆಟ್ಟಿರುತ್ತೆ. ಇದನ್ನ ಬರ್ಕೋ."

ನಾನು ಬರೆದುಕೊಳ್ಳಲಿಲ್ಲ. ಓದಿದವರು ಚಿಕ್ಕಮ್ಮಂದಿರ ಮಾತನ್ನು ಬರೆದುಕೊಳ್ಳುವುದಿಲ್ಲ.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ದುಂಬಿಯ ಮುಂಗಾಲನ್ನಿಟ್ಟು ಎರಡೆರಡು ಸಲ ನೋಡಿದೆ. ಬಾಚಣಿಗೆಯ ಹಲ್ಲುಗಳು ಗಿಡ್ಡ, ತುದಿ ಮೊಂಡು. ಎಲ್ಲೆಡೆ ಸಿಗುವ ಸಾಮಾನ್ಯ ದುಂಬಿಯ ಹಲ್ಲುಗಳು ಉದ್ದ, ಚೂಪು. ಹೋಲಿಸಿ ನೋಡೋಣವೆಂದು ಸಂಗ್ರಹದ ಪೆಟ್ಟಿಗೆ ತೆಗೆದೆ. ನಲವತ್ತು ವರ್ಷದ ಹಿಂದೆ ಪ್ರೊಫೆಸರ್ ಅನ್ಸೆಲ್ಮೊ ಇದೇ ದಿಬ್ಬದಲ್ಲಿ ಹಿಡಿದ ಇಪ್ಪತ್ತೆಂಟು ದುಂಬಿಗಳು ಸೂಜಿಯಲ್ಲಿ ಸಾಲಾಗಿ ನಿಂತಿದ್ದವು. ಎಲ್ಲದರ ಹಲ್ಲೂ ಮೊಂಡು. ಎಲ್ಲದರ ಬುಡದ ಚೀಟಿಯಲ್ಲೂ ಅವರ ದುಂಡನೆಯ ಅಕ್ಷರದಲ್ಲಿ ಸಾಮಾನ್ಯ ದುಂಬಿಯ ಹೆಸರು.

ಚೀಟಿಯಲ್ಲಿರುವ ಹೆಸರು ತಪ್ಪೆನಿಸಿದರೆ ಹಳೆಯದನ್ನು ಕೀಳುವಂತಿಲ್ಲ. ಅದೇ ಸೂಜಿಗೆ ಕೆಳಗೆ ಇನ್ನೊಂದು ಚೀಟಿ ಚುಚ್ಚಿ, ಸರಿಯಾದ ಹೆಸರು ಬರೆದು, ನಮ್ಮ ರುಜು ಹಾಕಬೇಕು. ನಮ್ಮ ಕಸುಬಿನವರು ಎಲ್ಲ ಕಡೆ ಮಾಡುವುದು ಹೀಗೆಯೇ. ಆದರೆ ನಮ್ಮ ಪ್ರಯೋಗಾಲಯದಲ್ಲಿ ಅನ್ಸೆಲ್ಮೊ ಅವರ ಚೀಟಿಯ ಕೆಳಗೆ ಇನ್ನೊಂದು ಚೀಟಿ ಚುಚ್ಚಿದವರು ಯಾರೂ ಇರಲಿಲ್ಲ. ದುಂಬಿಯನ್ನು ನೋಡುವುದು ಹೇಗೆಂದು ನಮಗೆಲ್ಲ ಕಲಿಸಿದವರೇ ಅವರು.

ಆದರೂ ಧೈರ್ಯ ಮಾಡಿ ಅವರ ಮೇಜಿನ ಬಳಿ ಹೋದೆ. "ಸರ್, ಈ ಹಲ್ಲುಗಳು ಸ್ವಲ್ಪ ಮೊಂಡಾಗಿ ಕಾಣ್ತಿವೆ."

"ಮರಳು ತೋಡಿ ತೋಡಿ ಸವೆದಿರುತ್ತಮ್ಮ. ಎಂಬತ್ತೆರಡಕ್ಕೆ ನನ್ನ ಹಲ್ಲು ಏನಾಗಿದೆ ನೋಡು," ಎಂದು ಬಾಯಿ ತೆರೆದು ತೋರಿಸಿದರು.

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಸವೆದಿರುತ್ತವೆಯೇ ಎಂದು ಕೇಳಬೇಕಿತ್ತು. ಕೇಳದೆ ನನ್ನ ಜಾಗಕ್ಕೆ ಬಂದು ಕೂತು, ಸಾಮಾನ್ಯ ಜಾತಿ, ಎಲ್ಲೆಡೆ ಇದೆ ಎಂದು ವರದಿ ಬರೆದೆ.

ಆರೇ ವಾರದಲ್ಲಿ ದಿಬ್ಬ ನೆಲಸಮವಾಯಿತು. ಮುಂದಿನ ವರ್ಷ ಏಳಬೇಕಿದ್ದ ಮರಿಗಳೆಲ್ಲ ಮರಳಿನ ಜೊತೆ ಲಾರಿ ಹತ್ತಿ, ಯಾರದೋ ಮನೆಯ ಗೋಡೆ ಸೇರಿದವು.

ಮರುವರ್ಷ ಮರಗಳ ತುಂಬ ಹೂ. ಹೂವೆಲ್ಲ ಉದುರಿತು, ಕಾಯಿ ನಿಲ್ಲಲಿಲ್ಲ. ಹೂ ಇದ್ದ ಎರಡು ತಿಂಗಳೂ ನಾನು ಸುತ್ತಮುತ್ತಲ ಒಣಹೊಳೆಗಳ ದಂಡೆಯನ್ನೆಲ್ಲ ಜಾಲಾಡಿದೆ. ಮೊಂಡುಹಲ್ಲಿನ ದುಂಬಿ ಒಂದೂ ಸಿಗಲಿಲ್ಲ. ವಾಪಸು ಬಂದವಳೇ ಪೆಟ್ಟಿಗೆ ತೆಗೆದು ಇಪ್ಪತ್ತೆಂಟು ಸೂಜಿಗೂ, ಇದು ಸಾಮಾನ್ಯ ದುಂಬಿಯಲ್ಲ ಎಂದು ಬರೆದ ಚೀಟಿ ಚುಚ್ಚಿದೆ. ಅನ್ಸೆಲ್ಮೊ ಬಂದು ಬಹಳ ಹೊತ್ತು ಸೂಕ್ಷ್ಮದರ್ಶಕದೊಳಗೆ ನೋಡಿದರು.

"ಹೊಸ ಜಾತಿ," ಎಂದರು ಕೊನೆಗೆ. "ವಿವರ ಬರೆದು ಪ್ರಕಟಿಸು. ಆ ಊರಲ್ಲಿರೋ ನಿನ್ನ ಚಿಕ್ಕಮ್ಮನ ಹೆಸರಿಡು, ಸಂತೋಷಪಡ್ತಾಳೆ."

ಆ ಮುದುಕನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನನ್ನ ಮೇಲೆಯೇ.

ಮರಗಳು ಮತ್ತೆ ಹೂ ಬಿಟ್ಟಾಗ ಹಳ್ಳಿಗೆ ಹೋದೆ. ಒಂಬತ್ತು ಮನೆಗಳಿಗೆ ಬೀಗ ಬಿದ್ದಿತ್ತು. ಚಿಕ್ಕಮ್ಮ ಏಣಿಯ ಮೇಲೆ ನಿಂತು ಬಣ್ಣದ ಕುಂಚದಿಂದ ಹೂವುಗಳಿಗೆ ಒಂದೊಂದಾಗಿ ಪರಾಗ ಸವರುತ್ತಿದ್ದಳು. ನೂರಿಪ್ಪತ್ತು ಮರಗಳಲ್ಲಿ ನಾಲ್ಕಕ್ಕೆ ಅವಳ ಕೈ ಸಾಲುತ್ತಿತ್ತು. ನಾನು ಏಣಿಯ ಬುಡದಲ್ಲಿ ನಿಂತು ಎಲ್ಲ ಹೇಳಿದೆ. ಹಲ್ಲು ನೋಡಿದ್ದನ್ನು, ನಕ್ಕಿದ್ದನ್ನು, ಬರೆದದ್ದನ್ನು. ಅವಳು ಕುಂಚ ನಿಲ್ಲಿಸಲಿಲ್ಲ.

"ಈಗೆಲ್ಲಾದ್ರೂ ಇದೆಯಾ ಅದು?"

"ಪೆಟ್ಟಿಗೇಲಿದೆ. ಸೂಜಿ ಚುಚ್ಚಿರೋದು." ಆಮೇಲೆ ಹೆಸರಿನ ವಿಷಯ ತೆಗೆದೆ.

"ಸತ್ತು ಹೋದದ್ದಕ್ಕೆ ನನ್ನ ಹೆಸರು ಯಾಕೆ? ಸಾಯಿಸಿದವಳು ನೀನು, ನಿನ್ನ ಹೆಸರಿಡು."

"ಬರೆಯೋರು ತಮ್ಮ ಹೆಸರನ್ನ ತಾವೇ ಇಡಬಾರ್ದು ಚಿಕ್ಕಮ್ಮ. ಆದ್ರೆ..." ಏಣಿಯ ಕಾಲು ಹಿಡಿದುಕೊಂಡೆ. "ಯಾವ ಹೆಸರಿಟ್ಟರೂ ಅದರ ಪಕ್ಕದಲ್ಲಿ, ಹೆಸರಿಟ್ಟವಳು ಅಂತ, ನನ್ನ ಹೆಸರು ಇರುತ್ತೆ. ಪುಸ್ತಕಗಳಲ್ಲಿ ಯಾವಾಗ್ಲೂ ಹಾಗೇ ಬರೀತಾರೆ."

"ಯಾವಾಗ್ಲೂ?"

"ಯಾವಾಗ್ಲೂ."

ಅವಳು ಆ ದಿನ ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ಹಾಗಾದ್ರೆ ಸರಿಯಾಗೇ ಇದೆ," ಎಂದು ಏಣಿ ಇಳಿದು, ಅದನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮರಕ್ಕೆ ಹೋದಳು.