ಟವೆಲುಗಳ ಕೆಳಗೆ

ನಕ್ಷತ್ರದ ನಡುವೆ ಮತ್ತೆ ಗುಡ್ಡ ಎದ್ದಿತ್ತು.

ಟ್ವೈಲಾ ಹೊಲಿದ ಬಟ್ಟೆಯನ್ನು ನೆಲದ ಮೇಲೆ ಹರಡಿ, ಎಂಟು ಮೂಲೆಗಳನ್ನೂ ಅಂಗೈಯಿಂದ ಸವರಿ, ಮಂಡಿಯೂರಿ ಕುಳಿತು ನೋಡಿದಳು. ಎಡಗಡೆ ಒತ್ತಿದರೆ ಬಲಗಡೆ ಉಬ್ಬುತ್ತಿತ್ತು. ಬಲಗಡೆ ಒತ್ತಿದರೆ ನಟ್ಟನಡುವೆ. ಓರೆಯಾಗಿ ಕತ್ತರಿಸಿದ ಬಟ್ಟೆಗೆ ಮುನಿಸು ಜಾಸ್ತಿ. ಹೊಲಿಯುವಾಗ ಕೂದಲೆಳೆಯಷ್ಟು ಜಗ್ಗಿದರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಎಂಟೂ ಎಸಳು ಕೂಡುವ ಕಡೆ ಬಂದು ಸೇಡು ತೀರಿಸಿಕೊಳ್ಳುತ್ತದೆ. ಅವಳು ಇಸ್ತ್ರಿ ಪೆಟ್ಟಿಗೆಯಿಟ್ಟು ಒತ್ತಿದಳು. ಗುಡ್ಡ ಇನ್ನಷ್ಟು ಬೆಳೆಯಿತು.

"ಇದೇನೇ ಇದು, ನಕ್ಷತ್ರಾನೋ ಟೋಪಿನೋ?" ವರ್ಡೆಲ್ ಅತ್ತೆ ಬಾಗಿಲು ತಳ್ಳಿಕೊಂಡು ಒಳಬಂದಳು. ಅವಳ ಹಿಂದೆ ಗಾಳಿ, ಗಾಳಿಯ ಹಿಂದೆ ಒಣಹುಲ್ಲಿನ ಧೂಳು. "ಹೊಟ್ಟೆ ದೊಡ್ಡದಿರೋರು ಹೊದ್ಕೊಂಡ್ರೆ ಸರಿಯಾಗಿ ಕೂರುತ್ತೆ ಬಿಡು. ನಿನ್ನ ಮಾವನಿಗೇ ಕೊಡ್ಬೋದಿತ್ತು. ಏನ್ಮಾಡೋದು, ನಾಳೆ ಮನೆಯೋರಿಗೆ ಏನೂ ಕೊಡೋ ಹಾಗಿಲ್ವಲ್ಲ."

"ನಗಬೇಡ ಅತ್ತೆ. ಬಿಚ್ಚಿ ಬಿಚ್ಚಿ ಹೊಲ್ದಿದೀನಿ."

"ಬಿಚ್ಚಿದಷ್ಟೂ ಬಟ್ಟೆ ಸೊರಗುತ್ತೆ. ಹಾಗೇ ಬಿಡು. ಒಳಗೆ ಹತ್ತಿ ಹಾಕಿ ದಾರ ಕಟ್ಟಿದ್ರೆ ಅರ್ಧ ಗುಡ್ಡ ಇಳಿಯುತ್ತೆ. ಇನ್ನರ್ಧ, ತಗೊಂಡೋರ ಅದೃಷ್ಟ."

ಮರುದಿನ ಹಂಚುವ ದಿನ. ಉಂಚಿ, ಅಂದರೆ ಟ್ವೈಲಾಳ ಅಜ್ಜಿ ಫಿಲೊಮೀನ್, ತೀರಿಕೊಂಡು ಆಗಲೇ ವರ್ಷವಾಗುತ್ತ ಬಂದಿತ್ತು. ವರ್ಷವಿಡೀ ಹೊಲಿದು ಕೂಡಿಟ್ಟದ್ದನ್ನು, ಜೊತೆಗೆ ಸತ್ತವರು ಬಳಸಿದ ಒಂದೊಂದು ವಸ್ತುವನ್ನೂ ಊರವರ ಕೈಗಿತ್ತು, ಬರಿಗೈಯಲ್ಲಿ ಮನೆಗೆ ಮರಳಬೇಕು. ದುಃಖಕ್ಕೆ ಆಗಷ್ಟೇ ಬಿಡುಗಡೆ. ಹಾಗಾಗಿ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಕ್ಷತ್ರದ ಕೌದಿಗಳು ಕಿಟಕಿಯ ಎತ್ತರಕ್ಕೆ ಪೇರಿಸಿ ಕೂತಿದ್ದವು. ಒಲೆಯ ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಅಡುಗೆಯವರು ಕಟ್ಟಿಕೊಳ್ಳುವ ಏಪ್ರನ್ನು, ಕೂಸುಗಳ ಕುಲಾವಿ, ಮೊಲದ ಆಕಾರದ ಸೂಜಿದಿಂಬು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ಕಿನ ಬಟ್ಟೆಬುಟ್ಟಿಗಳು, ಒಂದೊಂದರಲ್ಲೂ ಮಡಿಸಿಟ್ಟ ಟವೆಲು, ಸೋಪು, ಮೇಲೊಂದು ಕೈಹೊಲಿಗೆಯ ಸಾಮಾನು.

ಇಷ್ಟರಲ್ಲಿ ಮುಕ್ಕಾಲು ಪಾಲು ಟ್ವೈಲಾಳ ಕೈಯದು. ಈ ವರ್ಷ ಅವಳಿಗೆ ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಹೊರಗೆ ಹೋಗಬೇಕೆನಿಸುತ್ತಿತ್ತು, ಹೊರಗೆ ಹೋದರೆ ಏನೋ ಮರೆತು ಬಂದಂತಾಗಿ ಓಡಿ ಒಳಬರುತ್ತಿದ್ದಳು. ಉಂಚಿಯ ಕಪ್ಪು ಕಬ್ಬಿಣದ ಹೊಲಿಗೆ ಮಿಷಿನ್ನಿನ ಮುಂದೆ ಕೂತಾಗ ಮಾತ್ರ ಎದೆಯೊಳಗಿನ ಹಕ್ಕಿ ರೆಕ್ಕೆ ಮಡಚುತ್ತಿತ್ತು. ಮಿಷಿನ್ನಿನ ಮೈಮೇಲಿದ್ದ ಚಿನ್ನದ ಬಣ್ಣದ ಹೂಬಳ್ಳಿ ಉಂಚಿಯ ಮಣಿಕಟ್ಟು ತಾಗಿ ತಾಗಿ ಅಳಿಸಿಹೋಗಿತ್ತು. ಅವ್ವನಿಲ್ಲದ ಟ್ವೈಲಾ ಬೆಳೆದದ್ದೇ ಆ ಮೇಜಿನ ಕೆಳಗೆ, ಚಿಂದಿಬಟ್ಟೆಗಳ ಮೇಲೆ ಮಲಗಿ, ಮೇಲಿಂದ ಉದುರುವ ಕತೆ ಕೇಳುತ್ತ.

ಒಂದಾನೊಂದು ಕಾಲದಲ್ಲಿ ಬೆಳಗಿನ ನಕ್ಷತ್ರಕ್ಕೆ ನಿಂತಲ್ಲಿ ನಿಲ್ಲುವ ಅಭ್ಯಾಸವೇ ಇರಲಿಲ್ಲವಂತೆ. ಕಟ್ಟು ಬಿಚ್ಚಿದ ಕುದುರೆಮರಿಯಂತೆ ಆಕಾಶದ ತುಂಬ ಓಡುತ್ತಿತ್ತಂತೆ. ಜನರಿಗೆ ಯಾವುದು ಮೂಡಣ, ಯಾವುದು ಪಡುವಣ ಎಂದೇ ತಿಳಿಯದಂತಾಗಲು, ಒಬ್ಬ ಮುದುಕಿ ಹೋಗಿ ಅದರ ಮೂಲೆಗಳನ್ನು ಆಕಾಶಕ್ಕೆ ಹೊಲಿದಳಂತೆ. "ಕೊನೇ ಮೂಲೆ ಮಾತ್ರ ಹಾಗೇ ಬಿಟ್ಲು, ಮಗಾ," ಎನ್ನುತ್ತಿದ್ದಳು ಉಂಚಿ, ಹಲ್ಲಿನಲ್ಲಿ ದಾರ ಕಡಿಯುತ್ತ. "ಯಾಕೆ?" ಎಂದರೆ, "ಅಷ್ಟರಲ್ಲಿ ಕಾಫಿ ಕುದಿಯೋಕೆ ಬಂತು," ಎಂದು ಕತೆಯನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದಳು.

ವರ್ಡೆಲ್ ಅತ್ತೆ ಬುಟ್ಟಿಗಳನ್ನು ಕಣ್ಣಲ್ಲೇ ಅಳೆದು, ಕೊನೆಗೆ ಮೇಜಿನ ಕಡೆ ಗಲ್ಲ ಎತ್ತಿದಳು.

"ಇವತ್ತು ಈ ಕೌದಿ ಮುಗಿಸಿಬಿಡು. ನಾಳೆ ಬೆಳಿಗ್ಗೆ ಮಿಷಿನ್ನೂ ಹೋಗುತ್ತೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನಮ್ಮವ್ವನ ಸಾಮಾನೆಲ್ಲ ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

ಟ್ವೈಲಾಳ ಕೈಯಲ್ಲಿದ್ದ ಗುಂಡುಸೂಜಿಗಳು ನೆಲಕ್ಕುದುರಿದವು. "ಇದು ನಂದು ಅತ್ತೆ. ವರ್ಷದಿಂದ ಇದ್ರಲ್ಲಿ ಹೊಲೀತಿರೋಳು ನಾನು."

"ಅವಳ ಕಪ್ಪಲ್ಲಿ ಒಂದ್ವರ್ಷ ಕಾಫಿ ಕುಡಿದ್ರೆ ಕಪ್ ನಿಂದಾಗುತ್ತಾ? ನಾನು ಅವಳ ಮಗಳು. ಅವಳ ಶಾಲು ನಂಗೂ ಬೇಕಿತ್ತು ಕಣೇ. ರಾತ್ರಿಯೆಲ್ಲ ಅದನ್ನೇ ಹೊದ್ಕೊಂಡು ಮಲಗಿ, ಬೆಳಿಗ್ಗೆ ಒಗೆದು ಮಡಿಸಿಟ್ಟಿದೀನಿ." ಅತ್ತೆಯ ದನಿ ಒಂದು ಗಳಿಗೆ ತಗ್ಗಿತು, ಮರುಗಳಿಗೆಗೆ ಮೊದಲಿನಂತಾಯಿತು. "ಒಂದು ಸಾಮಾನು ಹಿಡ್ಕೊಂಡ್ರೂ ಸತ್ತೋರ ಸೆರಗು ಹಿಡ್ಕೊಂಡ ಹಾಗೆ. ಅವಳು ಮುಂದೆ ಹೋಗ್ಬೇಕೋ ಬೇಡ್ವೋ?"

ಟ್ವೈಲಾ ಬಾಗಿ ಗುಂಡುಸೂಜಿಗಳನ್ನು ಆಯತೊಡಗಿದಳು. ಆ ಸಂಜೆ ಗುಡ್ಡವೆದ್ದ ನಕ್ಷತ್ರಕ್ಕೇ ಹತ್ತಿ ಹಾಸಿ, ಅಡಿಬಟ್ಟೆ ಸೇರಿಸಿ, ಉಣ್ಣೆದಾರ ಕಟ್ಟಿದಳು. ಅರ್ಧವೇ ಇಳಿಯಿತು. ಅತ್ತೆ ಹೇಳಿದ್ದು ನಿಜವಾಗಿತ್ತು. ಅದಕ್ಕೂ ಸಿಟ್ಟು ಬಂತು.

ಬೆಳಿಗ್ಗೆ ಡೆಲ್ಮರ್ ಮಾವ ಮೊದಲ ಸುತ್ತಿನ ಕೌದಿಗಳನ್ನು ಪಿಕಪ್ ಗಾಡಿಗೆ ಹೇರಿಕೊಂಡು ಸಮುದಾಯ ಭವನಕ್ಕೆ ಹೋದ. ಮನೆಯಲ್ಲಿ ಟ್ವೈಲಾ ಒಬ್ಬಳೇ. ಆಚೆ ಅತ್ತೆಯ ಕಾರು ಮನೆಯ ಕಲ್ಲುದಾರಿಗೆ ಹೊರಳಿ ಬರುವ ಸದ್ದು. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಲೂ ಇರಲಿಲ್ಲ. ಕರೆಂಟಿನ ಪೆಡಲಿನ ತಂತಿ ಕಿತ್ತು, ಪೆಡಲನ್ನು ಮೇಜಿನ ಕೆಳಗೇ ಬಿಟ್ಟು, ಮಿಷಿನ್ನನ್ನು ಮೇಲಿನಿಂದ ಎತ್ತಿ, ಎದೆಗವಚಿಕೊಂಡು ಒಯ್ದು, ಹಿಂದಿನ ಕೋಣೆಯಲ್ಲಿದ್ದ ಖಾಲಿ ಬುಟ್ಟಿಯೊಳಗೆ ಮಲಗಿಸಿದಳು. ಮೇಲೆ ಟವೆಲುಗಳನ್ನು ಹೊದಿಸಿದಳು. ಬರೀ ಟವೆಲು ಎಂದರೆ ಅನುಮಾನ ಬಂದೀತೆಂದು ಒಂದು ಸೋಪನ್ನೂ ಇಟ್ಟಳು. ನೋಡಿ ಸಮಾಧಾನವಾಗದೆ, ಒಂದು ಸೂಜಿದಿಂಬಿನ ಮೊಲವನ್ನೂ ಕೂರಿಸಿದಳು.

"ಮಿಷಿನ್ ಎಲ್ಲೇ?" ಎಂದಳು ಅತ್ತೆ, ಒಳಬಂದವಳೇ.

"ಮಾವ ಮೊದಲ ಸುತ್ತಲ್ಲೇ ತಗೊಂಡ್ಹೋದ್ರು."

"ಪರವಾಗಿಲ್ವೇ, ಒಳ್ಳೆ ಹುಡುಗಿ," ಎಂದು ಅತ್ತೆ ಅವಳ ಕೆನ್ನೆ ತಟ್ಟಿದಳು. ಆ ಕೆನ್ನೆ ಬಹಳ ಹೊತ್ತು ಉರಿಯಿತು. ಮುಖ ತೊಳೆಯಲು ಟ್ವೈಲಾ ಬಚ್ಚಲಿಗೆ ಹೋದಳು. ತಣ್ಣೀರು ಎರಚಿಕೊಂಡಳು, ಕನ್ನಡಿ ನೋಡಿದಳು, ಜಡೆ ಬಿಚ್ಚಿ ಮತ್ತೆ ಹೆಣೆದಳು. ಹೊರಬಂದು ನೋಡಿದರೆ ಗೋಡೆಯ ಬದಿ ಬೋಳು. ಹಿಂದಿನ ಕೋಣೆಯೂ ಬೋಳು. ಕಿಟಕಿಯಾಚೆ, ಎರಡನೇ ಸುತ್ತಿಗೆ ಬಂದಿದ್ದ ಮಾವನ ಪಿಕಪ್ಪು ಧೂಳೆಬ್ಬಿಸುತ್ತ ತಿರುವು ದಾಟುತ್ತಿತ್ತು.

ಬಚ್ಚಿಡಲು ಅವಳಿಗೆ ಸಿಕ್ಕಿದ್ದು ಟವೆಲಿನ ಬುಟ್ಟಿ! ಟವೆಲಿನ ಬುಟ್ಟಿ ಎಂದರೆ ದಾನಕ್ಕೆ ಹೊರಟ ಬುಟ್ಟಿ ಎಂದು ಹಾಲುಗಲ್ಲದ ಮಗುವಿಗೂ ಗೊತ್ತಿರುವ ಊರಿನಲ್ಲಿ.

ಅತ್ತೆಯ ಕಾರಿನಲ್ಲಿ ಭವನಕ್ಕೆ ಹೋಗುವಾಗ ಟ್ವೈಲಾ ಸೀಟಿನ ತುದಿಯಲ್ಲೇ ಕುಳಿತಿದ್ದಳು. "ಮೂತ್ರಕ್ಕೆ ಬಂದಿದ್ರೆ ಹೇಳೇ, ನಿಲ್ಲಿಸ್ತೀನಿ," ಎಂದಳು ಅತ್ತೆ.

ಭವನದಲ್ಲಿ ಗೋಮಾಂಸದ ಸಾರಿನ ಹಬೆ, ಕರಿದ ರೊಟ್ಟಿಯ ಘಮ, ಮಕ್ಕಳ ಕೂಗಾಟ. ನಡುವೆ ಬುಟ್ಟಿಗಳ ಬೆಟ್ಟ. ಎಲ್ಲ ಬುಟ್ಟಿಯೂ ನೀಲಿ ಇಲ್ಲವೆ ಬಿಳಿ, ಎಲ್ಲದರ ಮೇಲೂ ಅವಳೇ ಹೊಲಿದ ಮೊಲ. ಟ್ವೈಲಾ ಒಂದಕ್ಕೆ ಕೈ ಹಾಕಿದಳು, ಟವೆಲು. ಇನ್ನೊಂದಕ್ಕೆ ಹಾಕಿದಳು, ಟವೆಲು.

"ಏನ್ ಹುಡುಕ್ತಿದೀಯಾ ಮಗಳೇ?" ಎಂದ ಡೆಲ್ಮರ್ ಮಾವ, ಸೊಂಟ ಹಿಡಿದುಕೊಂಡು. "ನಂಗೊಂದು ನಡು ಹುಡುಕ್ಕೊಡು. ಅದ್ಯಾವುದೋ ಬುಟ್ಟೀಲಿ ಬಂಡೆ ತುಂಬಿದ್ರು, ಎತ್ತೋಷ್ಟರಲ್ಲಿ ಹೋಯ್ತು."

"ಯಾವ ಬುಟ್ಟಿ ಮಾವ?"

"ಟವೆಲಿಂದು."

ಅಷ್ಟರಲ್ಲಿ ಅತ್ತೆ ಅವಳ ತೋಳು ಹಿಡಿದು ಮನೆಯವರ ಸಾಲಿನಲ್ಲಿ ನಿಲ್ಲಿಸಿದಳು. ಮೈಕಿನ ಮುಂದಿನ ಹಿರಿಯರು ಗಂಟಲು ಸರಿಪಡಿಸಿಕೊಂಡು ಹೆಸರು ಕರೆಯಲು ಶುರುಮಾಡಿದರು. ಕರೆದವರು ಬಂದು, ಕೊಟ್ಟದ್ದನ್ನು ತೆಗೆದುಕೊಂಡು, ಸಾಲಿನಲ್ಲಿದ್ದ ಎಲ್ಲರ ಕೈ ಮುಟ್ಟಿ ಹೋಗುತ್ತಿದ್ದರು. ಒಮ್ಮೆ ಆ ಕೈ ಮುಟ್ಟಿದರೆ ಮುಗಿಯಿತು. ಕೊಟ್ಟದ್ದನ್ನು ವಾಪಸು ಕೇಳುವವರನ್ನು ಅವರು ಸಾಯುವವರೆಗೂ ಊರು ಆಡಿಕೊಳ್ಳುತ್ತದೆ. ಉಂಚಿಯ ಶಾಲು ಹೋಯಿತು. ಅತ್ತೆ ನಗುತ್ತಲೇ ನಿಂತಿದ್ದಳು, ಮೂಗಿನ ತುದಿ ಮಾತ್ರ ಕೆಂಪಾಗಿತ್ತು. ಕಪ್ಪುಗಳು, ಕುರ್ಚಿ, ಕಬ್ಬಿಣದ ಬಾಣಲೆ ಎಲ್ಲ ಹೋದವು. ಗುಡ್ಡದ ನಕ್ಷತ್ರ ನಿಜಕ್ಕೂ ಒಬ್ಬ ಡೊಳ್ಳುಹೊಟ್ಟೆಯ ಬಸ್ ಡ್ರೈವರನ ಹೆಗಲೇರಿ, ಚೆನ್ನಾಗಿಯೇ ಕೂತಿತು. ಬುಟ್ಟಿ ಎತ್ತುವವರ ಹೆಗಲುಗಳ ಮೇಲೆಯೇ ಟ್ವೈಲಾಳ ಕಣ್ಣು. ಹಗುರ. ಇದೂ ಹಗುರ. ಕಾಲಿನ ಹೆಬ್ಬೆರಳು ಬೂಟಿನೊಳಗೆ ತಾನೇ ತಾನಾಗಿ ಕುಣಿಯುತ್ತಿತ್ತು.

"ಆರ್ಡಿಸ್! ಸಾವಿನ ದಿನಗಳಲ್ಲಿ ಅಡುಗೆಮನೆಯಿಂದ ಹೊರಗೇ ಬರದೆ ಪಾತ್ರೆ ತೊಳೆದ ಆರ್ಡಿಸ್ ಎಲ್ಲಿ?"

ಬಾಗಿಲ ಬಳಿಯಿಂದ ಒಬ್ಬ ತೆಳ್ಳನೆಯ ಹೆಂಗಸು ಎದ್ದು ಬಂದಳು. ಬುಟ್ಟಿಯ ಹಿಡಿ ಬಾಗಿ ಕಿರ್ರೆಂದಿತು. ಇಬ್ಬರು ಕೈಹಾಕಿ ಎತ್ತಿದರು. ಆರ್ಡಿಸ್ ಸಾಲಿನುದ್ದಕ್ಕೂ ಕೈ ಮುಟ್ಟುತ್ತ ಬಂದಳು. ಸೋಪಿನ ನೀರಿಗೆ ಬಿರುಕುಬಿಟ್ಟ ಬೆರಳುಗಳು ಟ್ವೈಲಾಳ ಅಂಗೈಯನ್ನೂ ಮುಟ್ಟಿ ಮುಂದೆ ಹೋದವು.

ಟ್ವೈಲಾ ಸಾಲು ಬಿಟ್ಟು ಓಡಿದಳು.

ಹೊರಗೆ ಆರ್ಡಿಸ್ ತನ್ನ ಹಳೆಯ ಕಾರಿನ ಹಿಂಬಾಗಿಲು ತೆರೆದು, ಬುಟ್ಟಿಯನ್ನು ಒಳಗೆ ತಳ್ಳಲಾರದೆ ಮೊಣಕಾಲು ಕೊಟ್ಟು ನಿಂತಿದ್ದಳು. "ಬಾ ತಾಯಿ, ಒಂದು ಕೈ ಹಾಕು. ನಿಮ್ಮನೇ ಟವೆಲುಗಳು ಏನ್ ತಿಂದು ಬೆಳೆದಿವೆಯೋ!" ಎನ್ನುತ್ತ ಮೇಲಿನದನ್ನು ಸರಿಸಿದಳು. ಕಪ್ಪು ಕಬ್ಬಿಣ ಇಣುಕಿತು. ಆರ್ಡಿಸಳ ನಗು ನಿಂತಿತು. ಟವೆಲು ನೋಡಿದಳು, ಮಿಷಿನ್ ನೋಡಿದಳು, ಏದುಸಿರು ಬಿಡುತ್ತಿದ್ದ ಹುಡುಗಿಯ ಮುಖ ನೋಡಿದಳು.

"ಇದು ಯಾರೋ ಬಚ್ಚಿಟ್ಟಿದ್ದು," ಎಂದಳು ಮೆಲ್ಲಗೆ. "ನೀನೇ ಅಲ್ವಾ?"

ಟ್ವೈಲಾ ಬುಟ್ಟಿಯ ಒಂದು ಹಿಡಿಗೆ ಕೈ ಹಾಕಿದಳು.

"ತಗೊಂಡ್ಹೋಗು. ನನಗೆ ಗುಂಡಿ ಹಾಕೋಕೂ ಬರಲ್ಲ. ಟವೆಲು ನಂಗೆ ಸಾಕು. ಇಲ್ಲಿ ಯಾರೂ ನೋಡಿಲ್ಲ, ನಾನೂ ಬಾಯಿ ಬಿಡಲ್ಲ."

ಅಂಗಳದಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ಅತ್ತೆಯ ಕಾರಿನ ಡಿಕ್ಕಿ ನಾಲ್ಕು ಹೆಜ್ಜೆ ಆಚೆ. ಟ್ವೈಲಾ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಮನೆಗೆ ಒಯ್ದರೆ ಎಲ್ಲಿಡುವುದು? ಮಂಚದ ಕೆಳಗೆ. ಅತ್ತೆ ಬಂದಾಗ? ಮತ್ತೆ ಟವೆಲಿನ ಕೆಳಗೆ. ಹೊಲಿಯುವುದು? ಆ ಮಿಷಿನ್ನಿಗೊಂದು ಕುಂಟುಸದ್ದು, ಟಕ ಟಕ ಟಕ್ ಎಂದು ನಿಂತು, ಉಸಿರೆಳೆದು, ಮತ್ತೆ ಟಕ ಟಕ. ಸಾಲುಮನೆಗಳಲ್ಲಿ ಅದನ್ನು ಕೇಳಿ, ಫಿಲೊಮೀನ್ ಎದ್ದಳು, ಇನ್ನು ಬೆಳಗಾಯಿತು ಎಂದು ಹೇಳದವರಿಲ್ಲ. ಪೆಡಲಿನ ಮೇಲೆ ಕಾಲಿಟ್ಟರೆ ಊರಿಗೆಲ್ಲ ಗೊತ್ತು. ಇಟ್ಟುಕೊಳ್ಳಬಹುದು, ಹೊಲಿಯುವಂತಿಲ್ಲ. ಉಂಚಿಯ ಮಿಷಿನ್ನನ್ನು ಅವಳು ಬಾಯಿಗೆ ಬಟ್ಟೆ ತುರುಕಿ ಕೂರಿಸಬೇಕು, ಬದುಕಿರುವವರೆಗೂ ಅದನ್ನು ಕಾಯುತ್ತ ತಾನೂ ಕೂರಬೇಕು.

ಒಳಗೆ ಮೈಕು ಇನ್ನೊಂದು ಹೆಸರು ಕರೆಯಿತು.

"ಬಚ್ಚಿಟ್ಟಿದ್ದು ನಾನೇ," ಎಂದಳು ಟ್ವೈಲಾ. "ಆದ್ರೆ ಕೈ ಮುಟ್ಟಿ ಆಯ್ತಲ್ಲ." ಹಿಡಿ ಬಿಡಲು ಬೆರಳುಗಳು ಒಪ್ಪಲಿಲ್ಲ, ಇನ್ನೊಂದು ಕೈಯಿಂದ ಅವನ್ನು ಬಿಡಿಸಿ, ಭುಜ ಕೊಟ್ಟು ಬುಟ್ಟಿಯನ್ನು ಒಳಗೆ ನೂಕಿದಳು. "ಚಳಿಗಾಲದಲ್ಲಿ ಬಾಬಿನ್ ಹತ್ರ ಎರಡು ತೊಟ್ಟು ಎಣ್ಣೆ ಬಿಡಿ. ಎಡಗಡೆ ತಿರುಪು ಮುಟ್ಟಬೇಡಿ, ಮುಟ್ಟಿದ್ರೆ ಮುನಿಸ್ಕೊಳುತ್ತೆ. ಬಟ್ಟೆ ಜಗ್ಗಬೇಡಿ."

"ಅಯ್ಯೋ, ಇದೇನು ಮಿಷಿನ್ನೋ ಹೊಸ ಸೊಸೆಯೋ? ಇಷ್ಟೆಲ್ಲ ನನ್ನ ತಲೇಲಿ ನಿಲ್ಲಲ್ಲ ತಾಯಿ." ಆರ್ಡಿಸ್ ಅವಳನ್ನೇ ನೋಡಿದಳು. "ನಿಜವಾಗ್ಲೂ ಬೇಡ್ವಾ?"

"ಬೇಕು. ಅದಕ್ಕೇ ಹೇಳ್ತಿರೋದು, ಹೊರಡಬೇಡಿ. ಪೆಡಲ್ ಮನೇಲಿದೆ. ಅದಿಲ್ದಿದ್ರೆ ಇದು ಬರೀ ಕಬ್ಬಿಣ. ಓಡಿಹೋಗಿ ತರ್ತೀನಿ."

"ಊಟ ತಣ್ಣಗಾಗುತ್ತೆ ಕಣೇ! ನಾಳೆ ತಂದ್ಕೊಡು, ಏನವಸರ?"

ಟ್ವೈಲಾ ಆಗಲೇ ಗಾಳಿಗೆ ಎದುರಾಗಿ ಓಡತೊಡಗಿದ್ದಳು. ತಿರುಗಿ ನೋಡದೆಯೇ ಕೂಗಿ ಹೇಳಿದಳು:

"ನಾಳೆ ಅಂದ್ರೆ ನಾನು ಕೊಡಲ್ಲ!"