ಐದನೆಯ ಅಧ್ಯಾಯದ ದನಿ

ನಾನು ಕಣ್ಣು ಕಾಣದವರಿಗಾಗಿ ಮಾಡಿದ ಒಂದು ಮಾತಾಡುವ ಪುಸ್ತಕ. ಹುಟ್ಟಿದ್ದು ಧಾರವಾಡದಲ್ಲಿ, ಸದ್ದು ಒಳಬಾರದಂತೆ ಗೋಡೆಗೆಲ್ಲ ಕಂಬಳಿ ಹೊಡೆದ ಪುಟ್ಟ ಕೋಣೆಯಲ್ಲಿ. ನನಗೆ ದನಿ ಕೊಟ್ಟವರು ನಿವೃತ್ತ ಶಿಕ್ಷಕಿ ಸುಮಿತ್ರಾಬಾಯಿ ಕಟಗೇರಿ. ಮುಂದೆ ಶಿಕ್ಷಕರಾಗುವವರು ಓದುವ ಮನೋವಿಜ್ಞಾನದ ಪಠ್ಯ ನಾನು. ಒಣ ವಿಷಯವೇ ಸರಿ, ಆದರೆ ಆಕೆಯ ಬಾಯಲ್ಲಿ ಮನೆಮಾತಿನಷ್ಟು ಸಲೀಸಾಯಿತು. ಗಂಟಲು ಮಾತ್ರ ಆಗಲೇ ಕೆಟ್ಟಿತ್ತು. ಅಧ್ಯಾಯ ಶುರು ಮಾಡುವಾಗೆಲ್ಲ ಕೆಮ್ಮು ಬರುತ್ತಿತ್ತು.

ನನ್ನನ್ನು ತಿದ್ದಿದವರು ಮೆಹಬೂಬ ನದಾಫ. ಕೆಮ್ಮು, ಬಾಗಿಲ ಸದ್ದು, ತಪ್ಪಿದ ಸಾಲು ಎಲ್ಲ ಕತ್ತರಿಸಿ ನನ್ನನ್ನು ಹಸನು ಮಾಡಿದರು. ಅಚ್ಚಿನ ಪುಸ್ತಕವಾದರೆ ಹಾಳೆ ತಿರುವಿ ಬೇಕಾದ ಪಾಠಕ್ಕೆ ಹೋಗಬಹುದು. ನನ್ನಲ್ಲಿ ಪ್ರತಿ ಅಧ್ಯಾಯದ, ಪ್ರತಿ ಪುಟದ ಮೊದಲಿಗೆ ಒಂದೊಂದು ಗುರುತು ಇರುತ್ತದೆ. ಕೇಳುವವರು ಗುಂಡಿ ಒತ್ತಿ ಗುರುತಿನಿಂದ ಗುರುತಿಗೆ ಜಿಗಿಯುತ್ತಾರೆ. ಗುರುತು ಕಳೆದರೆ ನಾನು ತಲೆಬುಡವಿಲ್ಲದ ಉದ್ದನೆಯ ಮಾತು.

ಹಾಗೇ ಆಯಿತು. ಒಂದು ದಿನ ಮೆಹಬೂಬರಿಗೆ ಫೋನ್ ಬಂತು.

"ಸರ್, ನಾ ಗದಗಿನಿಂದ ರತ್ನವ್ವ ಹೂಗಾರ ಮಾತಾಡಾಕತ್ತೀನ್ರಿ. ನಿಮ್ಮ ಪುಸ್ತಕದಾಗ ಐದನೇ ಪಾಠ ಸಿಗವಲ್ದು. ಗುಂಡಿ ಒತ್ತಿದ್ರ ನಾಕರಿಂದ ಸೀದಾ ಆರಕ್ಕ ಹೊಕ್ಕೈತಿ."

"ಬ್ಯಾರೆ ಪುಸ್ತಕಾ ಹಚ್ಚಿ ನೋಡಿದೇನವಾ? ಅವು ಬರೋಬ್ಬರಿ ಅದಾವ?"

"ಬರೋಬ್ಬರಿ ಅದಾವ್ರಿ. ಪರೀಕ್ಷಾ ಹತ್ರ ಬಂದೈತಿ. ಹಿಂದ ಮುಂದ ಹುಡುಕೂದ್ರಾಗ ದಿನಾ ಹೊಂಟಾವ್ರಿ."

ಅಂದರೆ ದೋಷ ನನ್ನದೇ. ಮೆಹಬೂಬರು ನನ್ನನ್ನು ತೆರೆದು, ಪಕ್ಕದಲ್ಲಿ ಮೂಲ ಧ್ವನಿಮುದ್ರಣ ಇಟ್ಟುಕೊಂಡು ಕೇಳಿದರು. ಮೂಲದಲ್ಲಿ ಗುರುತು ಇತ್ತು, ಆದರೆ ಕೆಮ್ಮಿನ ಮೇಲೆ ಬಿದ್ದಿತ್ತು.

"ಹತ್! ಕೆಮ್ಮಿನ ಜೋಡಿ ಗುರುತೂ ಕತ್ತರಿಸಿ ಒಗದೇನಲ್ಲ!" ಎಂದು ಹಣೆ ಚಚ್ಚಿಕೊಂಡರು.

ಅಷ್ಟಕ್ಕೇ ಬಿಡುವ ಮನುಷ್ಯ ಅಲ್ಲ ಅವರು. ಒಂದು ಕಡೆ ಹೀಗಾದರೆ ಇನ್ನೊಂದು ಕಡೆಯೂ ಆಗಿರಬೇಕೆಂದು ಪೂರ್ತಿ ನನ್ನನ್ನು ಜಾಲಾಡಿದರು. ಕಳೆದುಹೋದ ಪುಟದ ಗುರುತುಗಳನ್ನು ಆಯಾ ಪುಟದ ಮೊದಲ ಸಾಲಿನ ಮೇಲೆ ಕೂರಿಸಿ, ಪ್ರತಿಯೊಂದನ್ನೂ ಒತ್ತಿ ನೋಡಿದರು. ಐದನೆಯ ಅಧ್ಯಾಯ ಮಾತ್ರ ಸರಿಹೋಗಲಿಲ್ಲ. ಅಲ್ಲಿ ಶೀರ್ಷಿಕೆಯನ್ನೇ ಕೆಮ್ಮು ನುಂಗಿತ್ತು. ಮತ್ತೆ ಓದಿಸಲೇಬೇಕು.

ಅಷ್ಟರಲ್ಲಿ ಸುಮಿತ್ರಾಬಾಯಿಯವರ ಗಂಟಲಿಗೆ ಆಪರೇಷನ್ ಆಗಿತ್ತು. ಬೇರೆ ಯಾರಾದರೂ ಓದಿದರೆ ಸಾಕೆಂದು ಎಲ್ಲರೂ ಅಂದರು. ಮೆಹಬೂಬರು ಆಕೆಯ ಮನೆಗೇ ಹೋಗಿ, ನಡೆದದ್ದನ್ನು ಹೇಳಿ ಕರೆತಂದರು.

ಮೈಕಿನ ಮುಂದೆ ಕೂತು ಆಕೆ ಹಿಂಜರಿದರು. "ಈ ದನಿ ಯಾರು ಕೇಳತಾರೋ ಮೆಹಬೂಬಾ? ಕಾಗಿ ಒದರಿದಂಗ ಆಗ್ಯದ."

"ಪಾಠದ ಹೆಸರಷ್ಟ ಓದಿ ಬಾಗಲಾ ತೆಗದ್ರ ಸಾಕ್ರಿ ಬಾಯಾರ. ಒಳಗ ನಿಮ್ಮ ಹಳೇ ದನಿ ಐತಿ."

ಉಗುಳು ನುಂಗಿ, ಉಸಿರು ಹಿಡಿದು ಆಕೆ ಓದಿದರು: "ಐದನೆಯ ಅಧ್ಯಾಯ. ಮಗುವಿನ ಕಲಿಕೆ." ದನಿ ಒಡೆದಿತ್ತು, ಉಚ್ಚಾರ ಒಡೆದಿರಲಿಲ್ಲ. ಮೆಹಬೂಬರು ಗುರುತನ್ನು ಆ ಮಾತಿನ ಮೇಲೆಯೇ ಇಟ್ಟರು. ಏನನ್ನೂ ಕತ್ತರಿಸಲಿಲ್ಲ.

ತಿದ್ದಿದ ಪ್ರತಿ ಗದಗಿಗೆ ಹೋಯಿತು. ರತ್ನವ್ವ ಮತ್ತೆ ಫೋನ್ ಮಾಡಿದಳು. "ಸರ್, ಪಾಠಾ ಸಿಕ್ತರಿ. ಆದ್ರ ಹೆಸರು ಓದಿದವ್ರು ಬ್ಯಾರೆ ಏನ್ರಿ?"

"ಅವರೇ ಅದಾರವಾ. ಗಂಟಲಾ ಆಪರೇಷನ್ ಆಗೇತಿ."

"ಅಷ್ಟು ತ್ರಾಸ ತಗೊಂಡು ಓದ್ಯಾರಾ? ಹಂಗಾರ ನಾ ಪಾಸ್ ಆಗಾಕಬೇಕು" ಎಂದಳು.

ಆದಳು. ಶಾಲೆಯೊಂದರಲ್ಲಿ ಶಿಕ್ಷಕಿಯೂ ಆದಳು.

ಈಗ ಪಠ್ಯ ಬದಲಾಗಿದೆ. ನಾನು ಹುಟ್ಟಿದ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಸುಮ್ಮನೆ ಬಿದ್ದಿದ್ದೇನೆ. ಸುಮಿತ್ರಾಬಾಯಿ ತೀರಿಕೊಂಡರು. ಮೆಹಬೂಬರ ಕೂದಲು ನರೆತಿದೆ. ಹೊಸ ಪಠ್ಯಕ್ಕೆ ದನಿ ಕೊಡಲು ರಜೆಯಲ್ಲಿ ಗದಗಿನಿಂದ ಒಬ್ಬರು ಬರುತ್ತಾರೆ. ಬ್ರೈಲ್ ಹಾಳೆಯ ಮೇಲೆ ರತ್ನವ್ವನ ಬೆರಳು ಸರಿದಂತೆ ಮಾತು ಹೊರಡುತ್ತದೆ, ನಿಧಾನವಾಗಿ, ಸ್ಪಷ್ಟವಾಗಿ. ಜೀವಮಾನವೆಲ್ಲ ಮಾತಾಡಿದವ ನಾನು. ಈಗ ಮೂಲೆಯಲ್ಲಿ ಕೂತು ಕೇಳುವ ಸುಖ ನನ್ನದು.